ಬೇಲೀಫನ ತಲೆಯ ಮೇಲೆ ತೊಟ್ಟಿಲು

ಕೋರ್ಟಿಗೆ ಹೊಸದಾಗಿ ಬೇಲೀಫರಾಗಿ ಸೇರಿದವರು ಆಗಾಗ ನನ್ನ ಮನೆಗೆ ಬರುತ್ತಾರೆ. ಕಾಕಾ, ಈ ನೌಕರಿ ಹೇಗೆ ಮಾಡಬೇಕು, ಒಂದಿಷ್ಟು ಹೇಳಿರಿ ಅನ್ನುತ್ತಾರೆ. ಅವರ ಮುಖ ನೋಡಿದರೆ ನನಗೆ ಪಾಪ ಅನಿಸುತ್ತದೆ. ಸರಕಾರಿ ನೌಕರಿ ಸಿಕ್ಕಿತೆಂದು ಮನೆಯವರು ಓಣಿಗೆಲ್ಲ ಪೇಢೆ ಹಂಚಿರುತ್ತಾರೆ. ಇವನು ನಾಳೆ ಯಾರ ಬಾಗಿಲಿಗೆ ಹೋಗಿ ನಿಲ್ಲುವವನು, ಅಲ್ಲಿಂದ ಏನು ಹೊತ್ತು ತರುವವನು ಎಂದು ಪೇಢೆ ತಿಂದವರು ಯಾರೂ ಯೋಚಿಸಿರುವುದಿಲ್ಲ. ಹಾಗಂತ ಈ ಕೆಲಸಕ್ಕೆ ಬರಬೇಡಿ ಎಂದು ಹೇಳಲು ನಾನು ಬರೆಯುತ್ತಿಲ್ಲ. ಬಂದಾಗಿದೆ, ಇನ್ನೇನು. ಬಂದವರಿಗೆ ಗೊತ್ತಿರಲಿ ಎಂದು ಬರೆಯುತ್ತಿದ್ದೇನೆ, ಅಷ್ಟೇ.

ನಾನು ಎಂಬತ್ತರ ದಶಕದ ಉದ್ದಕ್ಕೂ ನವಲಗುಂದ, ಕುಂದಗೋಳ, ಕಲಘಟಗಿ ಎಂದು ಧಾರವಾಡ ಜಿಲ್ಲೆಯ ಸಣ್ಣ ಕೋರ್ಟುಗಳಲ್ಲಿ ತಿರುಗಿದವನು. ಸಮನ್ಸು, ನೋಟೀಸು ಒಯ್ದು ಮುಟ್ಟಿಸುವುದು, ಜಪ್ತಿಯ ವಾರಂಟು ಬಂದರೆ ಸಾಮಾನು ಹೊರಗೆ ಹಾಕಿಸುವುದು, ಹೊಲ ಮನೆ ಬಿಡಿಸಿ ಗೆದ್ದವನ ತಾಬಾಕ್ಕೆ, ಅಂದರೆ ವಶಕ್ಕೆ, ಕೊಡಿಸುವುದು ನಮ್ಮ ಕೆಲಸ. ತೀರ್ಪು ಬರೆದ ಸಾಹೇಬರು ಫ್ಯಾನಿನ ಕೆಳಗೆ ಇರುತ್ತಾರೆ. ವಾದ ಮಾಡಿದ ವಕೀಲರು ಊಟಕ್ಕೆ ಹೋಗಿರುತ್ತಾರೆ. ಆ ತೀರ್ಪನ್ನು ಹಿಡಿದುಕೊಂಡು ಹೊಸ್ತಿಲ ಹೊರಗೆ ನಿಂತು ಬೈಗುಳ ತಿನ್ನುವವನು ಮಾತ್ರ ಬೇಲೀಫ. ಮಳೆಗಾಲದಲ್ಲಿ ನವಲಗುಂದ ಸೀಮೆಯ ಎರೆ ಮಣ್ಣಿನಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು ನಡೆಯಬೇಕು. ಕಾಲಿಗೆ ಅಂಟಿದ ಮಣ್ಣನ್ನು ಊರ ಬಾಗಿಲಲ್ಲಿ ಕಡ್ಡಿಯಿಂದ ಕೆರೆದು ತೆಗೆಯುವಷ್ಟರಲ್ಲಿ ನಾನು ಬಂದ ಸುದ್ದಿ ನನಗಿಂತ ಮೊದಲು ಆ ಮನೆ ಮುಟ್ಟಿರುತ್ತಿತ್ತು. ಗಂಡಸರು ಹಿತ್ತಲಿನಿಂದ ಹೋಗಿಬಿಡುತ್ತಿದ್ದರು. ಹೆಂಗಸರು ಬಾಗಿಲಲ್ಲಿ ನಿಂತು, ಊರಾಗಿಲ್ಲರಿ ಎನ್ನುತ್ತಿದ್ದರು. ಊರಾಗಿಲ್ಲದವನ ಕೆಮ್ಮು ದನದ ಕೊಟ್ಟಿಗೆಯಿಂದ ಕೇಳಿಸುತ್ತಿತ್ತು.

ನಮ್ಮ ಮೇಲಿನವರು ನಾಜರರು. ಕೋರ್ಟಿನ ಸಾಮಾನು, ವಾರಂಟು, ಬೇಲೀಫರು ಎಲ್ಲ ಅವರ ಕೈಕೆಳಗೆ. ಕಲಘಟಗಿಯಲ್ಲಿ ನದಾಫ ಎಂಬ ನಾಜರರಿದ್ದರು. ಸಣಕಲು ಮೈ, ಅಗದಿ ಖಡಕ್ ಮನುಷ್ಯ. ನನಗೆ ಕೆಲಸ ಕಲಿಸಿದವರು ಅವರೇ. ವಾರಂಟು ತಗೊಂಡು ಹೋದ ಮನೆಯಲ್ಲಿ ನೀರು ಸಹ ಕುಡಿಯಬಾರದು ಎನ್ನುವುದು ಅವರ ಮೊದಲ ಪಾಠ. ನೀರು ಕುಡಿದರೆ ಮನಸ್ಸು ಮೆತ್ತಗಾಗುತ್ತದೆ, ಮೆತ್ತಗಾದವನು ಬೇಲೀಫನಾಗಿ ಉಳಿಯುವುದಿಲ್ಲ ಎನ್ನುತ್ತಿದ್ದರು. ಅದಕ್ಕೇ ನಾನು ಹೆಗಲಿಗೆ ನೀರಿನ ಬಾಟ್ಲಿ ಹಾಕಿಕೊಂಡು ಹೋಗುತ್ತಿದ್ದೆ. ಬೇಸಿಗೆಯಲ್ಲಿ ಅದು ಅರ್ಧ ದಾರಿಗೇ ಖಾಲಿ. ಬಾಯಿ ಒಣಗಿ ನಾಲಿಗೆ ಅಂಗುಳಕ್ಕೆ ಹತ್ತಿದರೂ ಆ ಮನೆಯ ತಂಬಿಗೆ ಮುಟ್ಟುತ್ತಿರಲಿಲ್ಲ.

ಹೊಸಬರು ಮೊದಲು ತಿಳಿಯಬೇಕಾದದ್ದು ಒಂದಿದೆ. ಕೋರ್ಟಿನ ಕಾಗದವನ್ನು ಕೈಯಿಂದ ಮುಟ್ಟದಿದ್ದರೆ ಕೇಸು ತಮಗೆ ಹತ್ತುವುದಿಲ್ಲ ಎಂದು ನಮ್ಮ ಹಳ್ಳಿಗಳಲ್ಲಿ ಅಗದಿ ಗಟ್ಟಿಯಾಗಿ ನಂಬುತ್ತಿದ್ದರು. ಬುದ್ಧಿವಂತರೂ ನಂಬುತ್ತಿದ್ದರು. ನಾನು ಕಾಗದ ಮುಂದೆ ಚಾಚಿದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಕಾಯ್ದೆ ಹೇಳುವುದು ಪೂರ್ತಿ ಬೇರೆ. ನೀನು ತಗೊಳ್ಳಲಿಲ್ಲ ಎಂದರೆ ಬೇಲೀಫ ಅದನ್ನು ನಿನ್ನ ಬಾಗಿಲಿಗೆ ಅಂಟಿಸುತ್ತಾನೆ, ಇಬ್ಬರು ಪಂಚರ ಸಹಿ ಹಾಕಿಸಿಕೊಂಡು ಷರಾ ಬರೆಯುತ್ತಾನೆ, ಅಲ್ಲಿಗೆ ನಿನಗೆ ಮುಟ್ಟಿದಂತೆಯೇ. ನೀನು ಕೋರ್ಟಿಗೆ ಹೋಗದಿದ್ದರೆ ಎದುರಿನವನ ಮಾತೊಂದನ್ನೇ ಕೇಳಿ ಹುಕುಂ ಆಗುತ್ತದೆ. ಇದನ್ನು ನಾನು ಎಷ್ಟು ಕಟ್ಟೆಗಳ ಮೇಲೆ ಕುಳಿತು, ಎಷ್ಟು ಮಂದಿಗೆ ಬಾಯಿ ನೋಯುವ ತನಕ ಹೇಳಿದೆನೋ. ಹೌದ್ರಿ ಹೌದ್ರಿ ಎನ್ನುತ್ತಲೇ ಕೈ ಹಿಂದೆ ಕಟ್ಟಿಕೊಳ್ಳುತ್ತಿದ್ದರು. ಈಗ ನೋಟೀಸು ಮೊಬೈಲಿಗೇ ಬರುತ್ತದಂತೆ. ಅದನ್ನು ಒತ್ತಿ ತೆರೆಯದಿದ್ದರೆ ಕೇಸು ಇಲ್ಲ ಎಂದು ನನ್ನ ಓಣಿಯವನೇ ಒಬ್ಬ ಮೊನ್ನೆ ಹೇಳಿದ. ಏನು ಬದಲಾಯಿತು ಹೇಳಿ.

ಅಂಟಿಸುವುದಕ್ಕೆ ನಾವು ಜೋಳದ ಹಿಟ್ಟಿನ ಅಂಬಲಿ ಕುದಿಸಿ ಡಬ್ಬಿಯಲ್ಲಿ ಒಯ್ಯುತ್ತಿದ್ದೆವು. ಒಮ್ಮೆ ಕಲಘಟಗಿ ಹತ್ತಿರದ ಹಳ್ಳಿಯಲ್ಲಿ ಹೀಗೆ ಅಂಟಿಸಿ ಬಂದೆ. ಬೆನ್ನಿಗೇ ಆ ಮನೆಯವರ ಆಡು ಹಿಟ್ಟಿನ ವಾಸನೆಗೆ ಬಂದು ಸಮನ್ಸು ತಿಂದುಬಿಟ್ಟಿದೆ. ಆ ಮನುಷ್ಯ ಮುಂದೆ ಕೋರ್ಟಿನಲ್ಲಿ ನಿಂತು, ತನ್ನ ಬಾಗಿಲಿಗೆ ಏನೂ ಇರಲಿಲ್ಲ, ಆಡಿನ ಬಾಯಲ್ಲಿ ಮಾತ್ರ ಕೋರ್ಟಿನ ಠಸೆ ಇದ್ದ ಒಂದು ತುಂಡು ಕಂಡೆ ಎಂದ. ಇಡೀ ಕೋರ್ಟು ನಕ್ಕಿತು. ಅಂದಿನಿಂದ ನಾನು ಅಂಬಲಿಗೆ ಬೇವಿನ ಸೊಪ್ಪು ಅರೆದು ಹಾಕತೊಡಗಿದೆ. ಇಷ್ಟು ಕಹಿ ಮಾಡಿದ ಮೇಲೆ ಆಡು ಬಿಟ್ಟಿತು, ಮನುಷ್ಯರು ಮೊದಲೇ ಮುಟ್ಟುತ್ತಿರಲಿಲ್ಲ.

ಆ ಆಡಿನ ಪ್ರಸಂಗದಿಂದ ಮುನಸೀಫ ಸಾಹೇಬರಿಗೆ ನನ್ನ ಮುಖ ಪರಿಚಯವಾಯಿತು. ಅವರು ಮಂಗಳೂರು ಕಡೆಯ ಕ್ರಿಸ್ತರು. ಹುಡುಗರಿದ್ದಾಗ ಪಾದ್ರಿಯಾಗಲು ಕಲಿಯಲಿಕ್ಕೆ ಹೋಗಿ, ಅದನ್ನು ಬಿಟ್ಟು ಕಾಯ್ದೆ ಓದಿದವರು. ಹಾಗಾಗಿ ಲ್ಯಾಟಿನ್ ಗೊತ್ತಿತ್ತು, ಇಟಲಿಯ ಭಾಷೆಯೂ ಅಷ್ಟಿಷ್ಟು ಬರುತ್ತಿತ್ತು. ಒಂದು ದಿನ ಮಧ್ಯಾಹ್ನ ತಮ್ಮ ಕೋಣೆಗೆ ಕರೆಸಿ, ಆಡಿನ ಕಥೆಯನ್ನು ಇನ್ನೊಮ್ಮೆ ಹೇಳಿಸಿಕೊಂಡು ನಕ್ಕರು. ಆಮೇಲೆ ಕೇಳಿದರು, "ಬಸವಣ್ಣೆಪ್ಪ, ನಿಮ್ಮ ಹುದ್ದೆಯ ಹೆಸರು ಎಲ್ಲಿಂದ ಬಂದದ್ದು ಗೊತ್ತುಂಟಾ?"

ಇಂಗ್ಲಿಷರಿಂದ ಬಂದದ್ದು ಎಂದೆ. ಇಂಗ್ಲಿಷರಿಗೆ ಅದು ಫ್ರಾನ್ಸಿನಿಂದ ಬಂದದ್ದು, ಅಲ್ಲಿಗೆ ಲ್ಯಾಟಿನ್ನಿನಿಂದ ಎಂದು ಶುರು ಮಾಡಿದರು. ಲ್ಯಾಟಿನ್ನಿನಲ್ಲಿ ಬಾಯುಲುಸ್ ಎಂದರೆ ಹಮಾಲನಂತೆ, ಬೆನ್ನ ಮೇಲೆ ಹೊರೆ ಹೊರುವವನು. ಬೇರೇನೂ ಇಲ್ಲ. ಯಜಮಾನನ ಹೊರೆ ಹೊತ್ತವನೇ ಬರಬರುತ್ತ ಯಜಮಾನನ ಅಧಿಕಾರವನ್ನೂ ಹೊರತೊಡಗಿದ. ಫ್ರಾನ್ಸಿನಲ್ಲಿ ಅದೇ ಶಬ್ದ ಬಾಯಿ ಎಂದಾಯಿತು, ಅವನು ರಾಜನ ಪರವಾಗಿ ಒಂದು ಸೀಮೆಗೇ ನ್ಯಾಯ ಹೇಳುವವನು. ಸ್ಪೇನಿನ ಕಡೆ ಬೈಲೆ, ಅವನೂ ಅರಸನ ಅಧಿಕಾರಿ. ಸ್ಕಾಟ್ಲೆಂಡಿನಲ್ಲಿ ಬೇಲಿ, ಊರಿನ ಮ್ಯಾಜಿಸ್ಟ್ರೇಟ. ವೆನಿಸ್ಸಿನವರು ತುರ್ಕಿಯ ಸುಲ್ತಾನನ ಊರಿಗೆ ಕಳಿಸುತ್ತಿದ್ದ ರಾಯಭಾರಿಗೂ ಬಾಯ್ಲೊ ಎಂದೇ ಹೆಸರು. ನಾವು ಜಾಮೀನಿಗೆ ಬೇಲ್ ಎನ್ನುತ್ತೇವಲ್ಲ, ಅದೂ ಇದೇ ಬೇರಿನದು. ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ಒಪ್ಪಿಸುವುದು ಎಂದು ಅದರ ಅರ್ಥ.

ನಾನು ನಿಂತಲ್ಲೇ ಸ್ವಲ್ಪ ಎದೆ ಉಬ್ಬಿಸಿರಬೇಕು. ಸಾಹೇಬರು ನಕ್ಕು, ಇನ್ನೂ ಒಂದು ಉಂಟು ಎಂದರು. ಹಮಾಲನ ಹೊರೆ ಯಾವಾಗಲೂ ಚೀಲವೇ ಆಗಬೇಕೆಂದಿಲ್ಲ, ಕೂಸೂ ಹೊರೆಯೇ. ಹಳೆಯ ಕಾನ್‌ಸ್ಟಾಂಟಿನೋಪಲ್ಲಿನ ಅರಮನೆಯಲ್ಲಿ ರಾಜಕುಮಾರರನ್ನು ಎತ್ತಿ ಆಡಿಸಿ ಓದು ಕಲಿಸುವವನಿಗೆ ಇದೇ ಶಬ್ದ. ಇಟಲಿಯಲ್ಲಿ ಇವತ್ತಿಗೂ ಬಾಲಿಯಾ ಎಂದರೆ ಪರರ ಕೂಸಿಗೆ ಮೊಲೆ ಕೊಟ್ಟು ಸಾಕುವ ದಾದಿ. "ನೀವೂ ಅವಳೂ ಒಂದೇ ತಾಯಿಯ ಮಕ್ಕಳು, ಬಸವಣ್ಣೆಪ್ಪ" ಎಂದರು.

ಮನೆಗೆ ಹೋಗಿ ಹೆಂಡತಿಗೆ ಇದನ್ನೆಲ್ಲ ಹೇಳಿದೆ. ರಾಯಭಾರಿ, ಮ್ಯಾಜಿಸ್ಟ್ರೇಟ ಒಂದೂ ಅವಳ ಕಿವಿಗೆ ಬೀಳಲಿಲ್ಲ. ಹಮಾಲ ಅನ್ನುವುದನ್ನು ಕೇಳಿ, ಅದನ್ನು ತಾನು ಮದುವೆಯಾದ ವರ್ಷವೇ ಹೇಳಿದ್ದೆನಲ್ಲ ಎಂದಳು. ನದಾಫ ನಾಜರರು ಕೇಳಿ, ಸಾಹೇಬರು ಪುಸ್ತಕ ಓದುತ್ತಾರೆ, ನೀನು ವಾರಂಟು ಓದು ಎಂದರು. ಆದರೂ ಆ ಶಬ್ದ ನನ್ನ ತಲೆಯಲ್ಲಿ ಕುಳಿತುಬಿಟ್ಟಿತು. ಜಪ್ತಿಗೆ ಹೋದಾಗ ಹಂಡೆ, ಕೊಡ ಹೊರಗೆ ಸಾಗಿಸುವಾಗೆಲ್ಲ ಬಾಯುಲುಸ್, ಬಾಯುಲುಸ್ ಎಂದುಕೊಳ್ಳುತ್ತಿದ್ದೆ. ಹೊರುವವನಿಗೂ ಒಂದು ಮರ್ಯಾದೆ ಇದ್ದೀತು ಎಂಬ ಹುಚ್ಚು ಸಮಾಧಾನ.

ಆ ಸಮಾಧಾನ ಹಾಳಾದದ್ದು ದುಮ್ಮವಾಡದ ದ್ಯಾಮವ್ವನ ಕೇಸಿನಲ್ಲಿ.

ದ್ಯಾಮವ್ವ ದುಮ್ಮವಾಡಕ್ಕೆ ಕೊಟ್ಟ ಹೆಣ್ಣುಮಗಳು. ಅವಳ ತಂಗಿಯನ್ನು ನವಲಗುಂದ ತಾಲೂಕಿನ ಮೊರಬಕ್ಕೆ ಕೊಟ್ಟಿದ್ದರು, ಶಿವಪ್ಪ ಎಂಬವನಿಗೆ. ಅಕ್ಕತಂಗಿಯರಿಗೆ ತಂದೆತಾಯಿ ಇರಲಿಲ್ಲ. ಹಾಗಾಗಿ ತಂಗಿ ಬಾಣಂತನಕ್ಕೆ ಅಕ್ಕನ ಮನೆಗೇ ಬಂದಳು. ಗಂಡು ಕೂಸು ಹುಟ್ಟಿತು, ತಾಯಿ ಉಳಿಯಲಿಲ್ಲ. ಅದಕ್ಕೆ ಸ್ವಲ್ಪ ಮೊದಲು ದ್ಯಾಮವ್ವನದೇ ಎಳೆಗೂಸು ತೀರಿಹೋಗಿತ್ತು. ಎದೆಯಲ್ಲಿ ಹಾಲಿತ್ತು. ತನ್ನ ಕೂಸಿಗೆಂದು ಕಲಘಟಗಿಯಲ್ಲಿ ಮಾಡಿಸಿದ್ದ ಬಣ್ಣದ ತೊಟ್ಟಿಲು ಜಂತಿಯಲ್ಲಿ ಇನ್ನೂ ತೂಗುತ್ತಿತ್ತು. ತಂಗಿಯ ಕೂಸನ್ನು ಅದರಲ್ಲಿ ಹಾಕಿಕೊಂಡು ಮೊಲೆ ಕೊಟ್ಟಳು. ಹೆಸರಿಡುವ ದಿನ ತಂದೆಯ ಕಡೆಯ ಸೋದರತ್ತೆ ಬಂದು ಕೂಸಿನ ಕಿವಿಯಲ್ಲಿ ಹೆಸರು ಹೇಳಬೇಕು. ಹೇಳಿ ಕಳಿಸಿದರೂ ಮೊರಬದಿಂದ ಯಾರೂ ಬರಲಿಲ್ಲ. ತಾಯಿಯನ್ನು ತಿಂದು ಹುಟ್ಟಿದ್ದು ನಮಗೆ ಬೇಡ ಎಂದರಂತೆ. ಕೊನೆಗೆ ದ್ಯಾಮವ್ವನೇ ನಿಂಗಪ್ಪ ಎಂದು ಕಿವಿಯಲ್ಲಿ ಹೇಳಿದಳು.

ಹುಡುಗ ನಡೆಯಲು ಕಲಿತ. ಅಷ್ಟರಲ್ಲಿ ಶಿವಪ್ಪ ಇನ್ನೊಂದು ಮದುವೆಯಾಗಿದ್ದ. ಆಕೆಗೆ ಮಕ್ಕಳಾಗುವುದು ಕಷ್ಟ ಎಂದು ಡಾಕ್ಟರು ಹೇಳಿದರಂತೆ. ಬೇಡವಾಗಿದ್ದ ಕೂಸು ಆಗ ಬೇಕಾಯಿತು. ಕೇಳಲು ಬಂದವರನ್ನು ದುಮ್ಮವಾಡದವರು ಬೈದು ಕಳಿಸಿದರು. ಶಿವಪ್ಪ ಧಾರವಾಡದ ಕೋರ್ಟಿಗೆ ಹೋದ. ಅಲ್ಲಿಂದ ದ್ಯಾಮವ್ವನ ಹೆಸರಿಗೆ ಹೊರಟ ನೋಟೀಸು ಕಲಘಟಗಿಗೆ ಬಂದು ನನ್ನ ಕೈಗೆ ಬಿತ್ತು.

ನಾನು ಹೋದಾಗ ದ್ಯಾಮವ್ವನ ಮಾವ ಕಲ್ಲಪ್ಪಜ್ಜ ಕಟ್ಟೆಯ ಮೇಲೆ ಕುಳಿತು ಹಗ್ಗ ಹೊಸೆಯುತ್ತಿದ್ದ. ಕೆಟ್ಟ ಮನುಷ್ಯನಲ್ಲ. ಮೊಮ್ಮಗ ಅಲ್ಲದ ಆ ಮೊಮ್ಮಗನನ್ನು ಹೆಗಲ ಮೇಲೆ ಕೂಡಿಸಿಕೊಂಡು ಹೊಲಕ್ಕೆ ಹೋಗುತ್ತಿದ್ದ ಮುದುಕ. ನಾನು ನೋಟೀಸು ಓದಿ ಹೇಳುತ್ತಿದ್ದಂತೆ ಹಗ್ಗ ಕೆಳಗಿಟ್ಟು ಕೈ ಹಿಂದೆ ಕಟ್ಟಿಕೊಂಡ. ನಾನು ಹೊಸ್ತಿಲ ಹೊರಗೇ ಕುಳಿತು ಬಿಡಿಸಿ ಬಿಡಿಸಿ ಹೇಳಿದೆ. ಕಾಗದ ತಗೊಂಡು ಧಾರವಾಡಕ್ಕೆ ಹೋಗಿ, ವಕೀಲರನ್ನು ಹಿಡಿಯಿರಿ, ಈ ಕೂಸಿಗೆ ಹಾಲು ಕೊಟ್ಟು ಸಾಕಿದವಳು ನಾನು, ಹೆಸರಿಡಲು ಕರೆದರೂ ಅವರು ಬರಲಿಲ್ಲ ಎಂದು ನಿಮ್ಮ ಸೊಸೆ ಜಡ್ಜರ ಮುಂದೆ ನಿಂತು ಹೇಳಲಿ, ಕೇಳುತ್ತಾರೆ ಎಂದೆ. ಬಾಗಿಲ ಮರೆಯಲ್ಲಿದ್ದ ದ್ಯಾಮವ್ವ ಮುಂದೆ ಬಂದಳು. ಕೈ ಚಾಚಿದಳು. ಅವಳ ಬೆರಳಿಗೂ ಕಾಗದಕ್ಕೂ ಒಂದು ಗೇಣು ಇತ್ತು, ಅಷ್ಟೇ.

"ಒಳಗ ನಡಿ" ಎಂದ ಕಲ್ಲಪ್ಪಜ್ಜ. "ಮುಟ್ಟಿದಿ ಅಂದ್ರ ನಿನ್ನ ಕೈಯಾರೆ ಕೂಸಿನ ಕೊಟ್ಟಂಗ ಆಗತೈತಿ."

ಆ ಮಾತಿಗೆ ಅವಳು ಬೆಂಕಿ ಕಂಡವಳಂತೆ ಕೈ ಹಿಂದೆ ತೆಗೆದುಕೊಂಡಳು. ಆಮೇಲೆ ನಾನು ಎಷ್ಟು ಹೇಳಿದರೂ ಮುದುಕ ಬಾಗಿಲು ಹಾಕಿದ. ಬೇವು ಹಾಕಿದ ಅಂಬಲಿಯಿಂದ ಆ ಬಾಗಿಲಿಗೇ ನೋಟೀಸು ಅಂಟಿಸಿ, ಪಂಚರ ಸಹಿ ಹಾಕಿಸಿ, ತಗೊಳ್ಳಲು ನಿರಾಕರಿಸಿದರು ಎಂದು ಷರಾ ಬರೆದುಕೊಂಡು ಬಂದೆ. ಮುಂದೆ ಕಲಘಟಗಿಯ ಸಂತೆಯಲ್ಲಿ ದ್ಯಾಮವ್ವನ ಗಂಡ ಸಿಕ್ಕಾಗ ಚಹದಂಗಡಿಯಲ್ಲಿ ಕೂಡಿಸಿಕೊಂಡು ಮತ್ತೆ ಹೇಳಿದೆ. ಅವನು ತಲೆ ತಗ್ಗಿಸಿ ಎಲ್ಲ ಕೇಳಿ, ಅಪ್ಪ ಹೇಳಿದ ಮೇಲೆ ಮುಗಿಯಿತು ಎಂದ. ಮುನಸೀಫ ಸಾಹೇಬರಿಗೂ ಹೇಳಿದೆ. ಅವರು, ಅದು ಧಾರವಾಡದ ಕೋರ್ಟಿನ ಕೇಸು, ನಾನು ಕೈ ಹಾಕುವಂತಿಲ್ಲ ಎಂದರು. ಎಲ್ಲರ ಕೈಯೂ ಬೆನ್ನ ಹಿಂದೆಯೇ ಇತ್ತು.

ಹುಕುಂ ಬಂತು. ಅಪ್ರಾಪ್ತ ವಿಜಯಕುಮಾರ ಎಂಬವನನ್ನು ದ್ಯಾಮವ್ವನ ತಾಬಾದಿಂದ ಬಿಡಿಸಿ ತಂದೆಯ ಕೈಗೆ ಒಪ್ಪಿಸಬೇಕು ಎಂದು. ವಿಜಯಕುಮಾರ ಯಾರು ಎಂದು ಒಂದು ಗಳಿಗೆ ನನಗೂ ತಿಳಿಯಲಿಲ್ಲ. ಶಿವಪ್ಪ ಅರ್ಜಿಯಲ್ಲಿ ಬರೆಸಿದ ಹೆಸರು ಅದು. ಅವನೇ ನನ್ನ ಜೊತೆ ಬರಬೇಕಿತ್ತು, ಕೈ ಮಾಡಿಯಾರೆಂದು ಹೆದರಿ ಬರಲಿಲ್ಲ, ಮೊರಬಕ್ಕೇ ತಂದು ಒಪ್ಪಿಸಿ ಎಂದು ವಕೀಲರಿಂದ ಹೇಳಿಸಿದ. ಹೊಲದ ತಾಬಾ ಕೊಡಿಸಿದ್ದೆ, ಮನೆಯದು ಕೊಡಿಸಿದ್ದೆ. ಮನುಷ್ಯನ ತಾಬಾ ಅದೇ ಮೊದಲು.

ಒಬ್ಬ ಪೊಲೀಸ ಪೇದೆಯನ್ನೂ ಪಂಚರನ್ನೂ ಕರೆದುಕೊಂಡು ಹೋದೆ. ದ್ಯಾಮವ್ವ ಹುಡುಗನಿಗೆ ಅನ್ನ ಕಲಸಿ ತಿನ್ನಿಸುತ್ತಿದ್ದಳು. ಪೇದೆಯನ್ನು ನೋಡಿದ ಕೂಡಲೇ ಅವಳಿಗೆ ತಿಳಿಯಿತು. ಬಾಯಿ ಮಾಡುತ್ತಾರೆ, ಮಣ್ಣು ತೂರುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದೆಲ್ಲ ನಾನು ತಯಾರಾಗಿ ಹೋಗಿದ್ದೆ. ಅದು ಯಾವುದೂ ಆಗಲಿಲ್ಲ. ಕಲ್ಲಪ್ಪಜ್ಜ ಮಾತ್ರ ನನ್ನ ಹತ್ತಿರ ಬಂದು, ಜಗಳವಿಲ್ಲದ ದನಿಯಲ್ಲಿ, ನಿಜಕ್ಕೂ ತಿಳಿಯದೆ ಕೇಳಿದ.

"ಸಾಹೇಬ್ರ, ನಾವು ಕಾಗದ ಮುಟ್ಟಿಲ್ಲಲ್ರಿ. ಹ್ಯಾಂಗ ಒಯ್ತೀರಿ?"

ಅದಕ್ಕೆ ನನ್ನ ಹತ್ತಿರ ಉತ್ತರವಿತ್ತು, ಕಾಯ್ದೆಯ ನಂಬರಿನ ಸಮೇತ ಇತ್ತು. ವಾರಂಟನ್ನು ಮಡಚಿ ಚೀಲಕ್ಕೆ ಹಾಕಿದೆ. ಮುದುಕ ಹೋಗಿ ಕಟ್ಟೆಯ ಮೇಲೆ ಕುಳಿತ. ಮುಟ್ಟಿಲ್ಲಲ್ಲ, ಮುಟ್ಟಿಲ್ಲಲ್ಲ ಎಂದು ತನ್ನಷ್ಟಕ್ಕೆ ಅನ್ನುತ್ತಲೇ ಇದ್ದ.

ದ್ಯಾಮವ್ವ ಹುಡುಗನ ಬಾಯಿ ತೊಳೆದು, ಒಳಗೆ ಕರೆದುಕೊಂಡು ಹೋಗಿ ಕೊನೆಯ ಸಲ ಮೊಲೆ ಕೊಟ್ಟಳು. ಪೇದೆ ಬಸ್ಸಿಗೆ ಹೊತ್ತಾಗುತ್ತದೆ ಎಂದ. ಬಸ್ಸು ಹೋದರೆ ಹೋಗಲಿ ಎಂದೆ. ಹೊರಗೆ ಬಂದಾಗ ಅವಳ ಒಂದು ಕೈಯಲ್ಲಿ ಹುಡುಗ, ಇನ್ನೊಂದು ಕೈಯಲ್ಲಿ ನನಗೆಂದು ತಂಬಿಗೆ ನೀರು. ಮನೆಗೆ ಬಂದವರಿಗೆ ನೀರು ಕೊಡಬೇಕು, ಅವಳಿಗೆ ಅಷ್ಟೇ ಗೊತ್ತು. ನದಾಫ ನಾಜರರ ಪಾಠ ನೆನಪಿತ್ತು. ತಂಬಿಗೆ ಎತ್ತಿ ಪೂರ್ತಿ ಕುಡಿದೆ.

ತಾನೂ ಮೊರಬದ ತನಕ ಬರುತ್ತೇನೆಂದಳು. ಅವಳ ಗಂಡ ಬೇಡವೆಂದ. ಬಂದರೆ ಆ ಬಾಗಿಲಲ್ಲಿ ಕೂಸನ್ನು ಅವಳಿಂದ ಇನ್ನೊಮ್ಮೆ ಕಿತ್ತುಕೊಳ್ಳಬೇಕಾಗುತ್ತಿತ್ತು. ಆಗ ಅವಳು ಒಳಗೆ ಓಡಿ ತೊಟ್ಟಿಲನ್ನು ಜಂತಿಯಿಂದ ಬಿಚ್ಚಿಸಿ ತಂದಳು. "ಯಣ್ಣಾ, ಇದರಾಗ ಹಾಕಿದ್ರ ಅಷ್ಟ ಮಲಗತಾನ. ಇದನ್ನೂ ಒಯ್ರಿ."

ಹುಕುಮಿನಲ್ಲಿ ತೊಟ್ಟಿಲಿನ ಮಾತಿರಲಿಲ್ಲ. ಹೊಸ ಜಾಗ, ಹೊಸ ಮಂದಿ, ಮಲಗುವ ಜಾಗವಾದರೂ ಹಳೆಯದಿರಲಿ ಎಂದು ನನಗೂ ಅನಿಸಿತು. ಅವಳು ತನ್ನ ಹಳೆ ಸೀರೆಯ ತುಂಡನ್ನು ಸಿಂಬೆ ಸುತ್ತಿ ನನ್ನ ತಲೆಯ ಮೇಲಿಟ್ಟಳು. ಪಂಚರು ತೊಟ್ಟಿಲು ಎತ್ತಿ ಹೊರಿಸಿದರು. ಹುಡುಗ ಪೇದೆಯ ಹತ್ತಿರ ಹೋಗಲೇ ಇಲ್ಲ, ಖಾಕಿ ಕಂಡರೆ ಚೀರುತ್ತಿದ್ದ. ಅವನನ್ನೂ ನಾನೇ ಸೊಂಟದ ಮೇಲೆ ಕೂಡಿಸಿಕೊಂಡೆ. ತಲೆಯ ಮೇಲೆ ತೊಟ್ಟಿಲು, ಸೊಂಟದಲ್ಲಿ ಕೂಸು, ಬಗಲಲ್ಲಿ ವಾರಂಟಿನ ಚೀಲ. ಊರ ಮಂದಿ ದಾರಿಯ ಎರಡೂ ಬಾಜು ನಿಂತು ನೋಡಿದರು. ಸಾಹೇಬರು ಹೇಳಿದ ಹಮಾಲ, ದಾದಿ, ಅಧಿಕಾರಿ ಮೂವರೂ ಒಬ್ಬನೇ ಆಗಿ ದುಮ್ಮವಾಡದ ಬಸ್‌ಸ್ಟ್ಯಾಂಡಿನ ಕಡೆ ಹೊರಟಿದ್ದರು. ಮೂವರಲ್ಲಿ ಯಾರಿಗೂ ಮರ್ಯಾದೆ ಇರಲಿಲ್ಲ.

ತೊಟ್ಟಿಲು ಬಸ್ಸಿನ ಟಾಪಿನ ಮೇಲೆ ಹೋಯಿತು. ಹುಡುಗ ಅತ್ತು ಅತ್ತು ಸುಸ್ತಾಗಿ ನನ್ನ ಅಂಗಿಯ ಕಾಲರು ಹಿಡಿದು ಮಲಗಿದ. ಎದುರು ಸೀಟಿನ ಮುದುಕಿ, ಇದರ ತಾಯಿ ಎಲ್ಲಿ ಎಂದು ಕೇಳಿದಳು. ನಾನು ಕಿಟಕಿಯ ಕಡೆ ನೋಡಿದೆ. ಅವಳು ಬಿಡಲಿಲ್ಲ, ತಾಯಿ ಬಿಟ್ಟು ಎಲ್ಲಿಗೆ ಒಯ್ಯುತ್ತಿ ಎಂದು ದಾರಿಯುದ್ದಕ್ಕೂ ಬೈದಳು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸುವಾಗ ಹಾಲು ಕುಡಿಸಿದೆ, ಬಾಳೆಹಣ್ಣು ಹಿಸುಕಿ ತಿನ್ನಿಸಿದೆ. ಮುಂದಿನ ಬಸ್ಸಿನಲ್ಲಿ ನನ್ನ ಮೂಗು ಹಿಡಿದು ಒಂದು ಸಲ ನಕ್ಕ. ಅತ್ತಿದ್ದರೇ ಚೆನ್ನಾಗಿತ್ತು. ಅವನಿಗೆ ಈಗ ಪರಿಚಯದವನು ಎಂದರೆ ನಾನೊಬ್ಬನೇ ಆಗಿದ್ದೆ, ನಾನೋ ಅವನನ್ನು ಬಿಟ್ಟು ಬರಲು ಹೊರಟವನು.

ಮೊರಬದಲ್ಲಿ ಶಿವಪ್ಪ, ಅವನ ತಾಯಿ, ಹೊಸ ಹೆಂಡತಿ ಬಾಗಿಲಲ್ಲಿ ಕಾಯುತ್ತಿದ್ದರು. ಮುದುಕಿ ಆರತಿ ಹಿಡಿದುಕೊಂಡಿದ್ದಳು. ವಿಜಯಕುಮಾರ, ವಿಜಯಕುಮಾರ ಎಂದು ಕರೆದರು. ಅವನು ತಿರುಗಲಿಲ್ಲ, ಅವನ ಹೆಸರಾಗಿದ್ದರೆ ತಾನೇ. ನಿಂಗಪ್ಪ ಎಂದು ಕರೆಯಿರಿ, ನೋಡುತ್ತಾನೆ ಎಂದೆ. ಆ ಹೆಸರು ಈ ಮನೆಯಲ್ಲಿ ಬೇಡ ಎಂದಳು ಮುದುಕಿ. ಶಿವಪ್ಪ ಹುಡುಗನನ್ನು ಎಳೆದ. ಹುಡುಗ ನನ್ನ ಕುತ್ತಿಗೆ ಬಿಗಿಯಾಗಿ ಹಿಡಿದ. ಆ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದವನು ನಾನೇ, ಬೇರೆಯವರು ಬಿಡಿಸಿದರೆ ನೋಯಿಸುತ್ತಿದ್ದರು. ಹೊಸ ಹೆಂಡತಿ ಅತ್ತೆಗೆ ಕೇಳಿಸದ ಹಾಗೆ ಹತ್ತಿರ ಬಂದು, ಏ‌ನು ತಿನ್ನುತ್ತಾನೆ ಎಂದು ಕೇಳಿದಳು. ಮೆತ್ತಗೆ ಕಲಸಿದ ಅನ್ನ ಎಂದೆ. ಆ ಮನೆಯಲ್ಲಿ ಅದೊಂದು ಮಾತು ನನಗೆ ಮನುಷ್ಯರದು ಅನಿಸಿತು.

ಶಿವಪ್ಪ ಸಹಿ ಹಾಕಿದ. ನಾನು ಅಂಗಳದಲ್ಲಿದ್ದ ತೊಟ್ಟಿಲು ತೋರಿಸಿ, ಇದರಲ್ಲೇ ಮಲಗುತ್ತಾನಂತೆ ಎಂದೆ. ಮುದುಕಿ ಎರಡು ಹೆಜ್ಜೆ ಹಿಂದೆ ಸರಿದಳು.

"ಕೂಸು ಸತ್ತ ತೊಟ್ಟಿಲ ಅದು. ಹೊಸ್ತಿಲದಾಗ ತರಬ್ಯಾಡ್ರಿ. ನೀವು ತಂದೀರಿ, ನೀವ ಒಯ್ರಿ."

ಒಳಗೆ ಹುಡುಗ ಅಳುತ್ತಿದ್ದ. ನಾನು ತೊಟ್ಟಿಲು ಹೊತ್ತು ಬಸ್ಸಿಗೆ ನಡೆದೆ.

ಮರುದಿನ ಅದು ಕೋರ್ಟಿನ ನಾಜರ ಕೋಣೆಯಲ್ಲಿ ಮೇಜಿನ ಪಕ್ಕ ಕುಳಿತಿತ್ತು. ಕೆಂಪು ಅರಗಿನ ಬಣ್ಣ, ಮೇಲೆ ಗಿಳಿಗಳು, ಸುತ್ತ ಜಪ್ತಿಯ ಹಂಡೆಗಳು. ನದಾಫ ನಾಜರರು ನೋಡಿ ಬೈಯಲಿಲ್ಲ. ವಾರಂಟಿನಲ್ಲಿ ಇಲ್ಲದ ಸಾಮಾನು, ಇದನ್ನು ಇಲ್ಲಿ ಇಡುವಂತಿಲ್ಲ, ಯಾರದೋ ಅವರಿಗೆ ಮುಟ್ಟಿಸಿ ಬಾ ಎಂದರು. ಆ ಕಡೆ ಹೋಗುತ್ತಿದ್ದ ಮುನಸೀಫ ಸಾಹೇಬರು ಬಾಗಿಲಲ್ಲಿ ನಿಂತರು. ನನಗೆ ಸಿಟ್ಟಿತ್ತು, ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಸಾಹೇಬರ, ನೀವು ಹೇಳಿದ ಆ ಶಬ್ದಕ್ಕೆ ಅಷ್ಟು ದೇಶಗಳಲ್ಲಿ ಅಷ್ಟು ಅರ್ಥ ಇದೆಯಲ್ಲ, ಒಯ್ದದ್ದನ್ನು ತಿರುಗಿ ತಂದುಕೊಡುವವನು ಎಂದು ಎಲ್ಲಿಯಾದರೂ ಇದೆಯೇ ಎಂದು ಕೇಳಿಬಿಟ್ಟೆ.

ಅವರು ಹಾಸ್ಯವೆಂದು ತಿಳಿಯಲಿಲ್ಲ. "ಹೊರುವುದು ಉಂಟು. ಕೈಗೆ ಒಪ್ಪಿಸುವುದು ಉಂಟು. ತಿರುಗಿ ತರುವುದು ನಾನು ಎಲ್ಲಿಯೂ ಓದಿಲ್ಲ, ಬಸವಣ್ಣೆಪ್ಪ."

ಆಮೇಲೆ, ಎದುರಿನವರ ಮಾತು ಕೇಳದೆ ಆದ ಹುಕುಂ ಇದು, ರದ್ದು ಮಾಡಿ ಎಂದು ದ್ಯಾಮವ್ವನ ಮನೆಯವರು ಈಗಲೂ ಅರ್ಜಿ ಹಾಕಬಹುದು, ಹೋದವರು ಅದನ್ನೂ ಹೇಳಿ ಬನ್ನಿ ಎಂದರು. ಹಾಕಿದರೇ ಎಂದು ನೀವು ಕೇಳುತ್ತೀರಿ. ಹಾಕಲಿಲ್ಲ. ಮುಟ್ಟದ ಕಾಗದವೇ ಕೂಸನ್ನು ಒಯ್ದಿತು, ಇನ್ನು ಮುಟ್ಟಿದರೆ ಮನೆಯಲ್ಲಿ ಉಳಿದವರನ್ನೂ ಒಯ್ದೀತು ಎಂದನಂತೆ ಕಲ್ಲಪ್ಪಜ್ಜ. ಅವನ ಅನುಭವಕ್ಕೆ ಅದು ಸರಿಯೇ ಇತ್ತು. ನಾನು ವಾದ ಮಾಡುವುದನ್ನು ಬಿಟ್ಟೆ. ಮುಂದೆ ಎಷ್ಟೋ ವರ್ಷ ನೌಕರಿ ಮಾಡಿದೆ, ಕಾಗದ ಮುಟ್ಟಿ ಎಂದು ಹೇಳುವುದನ್ನು ಮಾತ್ರ ಬಿಡಲಿಲ್ಲ, ಅದರಿಂದ ಯಾರಾದರೂ ಉಳಿಯುತ್ತಾರೆ ಎಂಬ ನಂಬಿಕೆ ಬಿಟ್ಟುಹೋಯಿತು. ನಿಮಗೆ ಕೊಡಲು ನನ್ನ ಹತ್ತಿರ ಬೇರೆ ಬುದ್ಧಿಮಾತಿಲ್ಲ.

ನಾಜರರು ಮುಟ್ಟಿಸಿ ಬಾ ಎಂದ ಆ ದಿನ ದುಮ್ಮವಾಡದಲ್ಲಿ ಬಸ್ಸಿಳಿದಾಗ ಮಧ್ಯಾಹ್ನವಾಗಿತ್ತು. ಕಂಡಕ್ಟರ್ ತೊಟ್ಟಿಲು ಇಳಿಸಿ ತಲೆಗೆ ಹೊರಿಸಿದ. ಬತ್ತದ ಗದ್ದೆಗಳ ನಡುವಿನ ದಾರಿ ಹಿಡಿದು ಊರ ಕಡೆ ನಡೆದೆ. ಏನು ಹೇಳಬೇಕು, ಅರ್ಜಿಯ ಮಾತನ್ನು ಎಲ್ಲಿಂದ ಶುರು ಮಾಡಬೇಕು ಎಂದು ಲೆಕ್ಕ ಹಾಕುತ್ತಿದ್ದೆ. ಗದ್ದೆಯಲ್ಲಿ ಹೆಂಗಸರು ಸಾಲಾಗಿ ಕಳೆ ಕೀಳುತ್ತಿದ್ದರು. ಅವರಲ್ಲಿ ಒಬ್ಬಳು ತಲೆ ಎತ್ತಿದಳು, ಕೈಯಲ್ಲಿದ್ದ ಕಳೆ ಬಿಟ್ಟಳು, ಕೆಸರಲ್ಲಿ ಬೀಳುತ್ತ ಏಳುತ್ತ ಬದುವಿಗೆ ಹತ್ತಿ ನನ್ನ ಕಡೆ ಓಡತೊಡಗಿದಳು. ಹತ್ತಿರ ಬರುವ ತನಕ ನನಗೆ ತಿಳಿಯಲಿಲ್ಲ. ತೊಟ್ಟಿಲನ್ನು ಮನೆಗೆ ಮುಟ್ಟಿಸುವುದೊಂದನ್ನೇ ನಾನು ಯೋಚಿಸಿದ್ದೆ. ಅದು ದೂರದಿಂದ ಕಣ್ಣಿಗೆ ಬಿದ್ದರೆ ಅವಳು ಏನೆಂದು ತಿಳಿದಾಳು ಎನ್ನುವುದು ಹೊಳೆದೇ ಇರಲಿಲ್ಲ.

ದ್ಯಾಮವ್ವ ನನ್ನ ಮುಂದೆ ಬಂದು ನಿಂತಳು. ಏದುಸಿರು ಬಿಡುತ್ತಿದ್ದಳು, ಮೊಣಕಾಲ ತನಕ ಕೆಸರು. ಗಿಡ್ಡ ಹೆಣ್ಣುಮಗಳು, ತೊಟ್ಟಿಲು ನನ್ನ ತಲೆಯ ಮೇಲೆ ಎತ್ತರದಲ್ಲಿತ್ತು, ಒಳಗಿನದು ಅವಳಿಗೆ ಕಾಣುವಂತಿರಲಿಲ್ಲ. ಕೆಸರಿನ ಕೈಗಳನ್ನು ಗಡಬಡಿಸಿ ಸೆರಗಿಗೆ ಒರೆಸಿಕೊಂಡು ಎರಡೂ ಕೈ ಮೇಲೆ ಚಾಚಿದಳು. ನನ್ನ ಬಾಯಿಂದ ಮಾತು ಹೊರಡುವ ಮೊದಲೇ, ಬಹಳ ಸಣ್ಣ ದನಿಯಲ್ಲಿ ಹೇಳಿದಳು.

"ಮಲಗ್ಯಾನೇನ್ರಿ? ಸಾವಕಾಶ ಇಳಸ್ರಿ ಯಣ್ಣಾ, ಎಚ್ಚರ ಆದಾನು."

ನಾನು ಸಾವಕಾಶ ಇಳಿಸಿದೆ.